ಸರ್ಟಿಫಿಕೇಟ್ ಅಸಲಿ, ಕ್ಯಾನ್ ಬೇರೆ: ಆಸಿಡ್ ರಫ್ತು ಮಾಡೋರು ದಯವಿಟ್ಟು ಓದಿ

"ಯುಎನ್ ಸರ್ಟಿಫೈಡ್ ಕ್ಯಾನ್ ಸರ್, ಸರ್ಟಿಫಿಕೇಟ್ ಜೊತೆಗೇ ಕೊಡ್ತೀವಿ" ಅಂತ ಯಾವುದಾದ್ರೂ ಟ್ರೇಡರ್ ಹೇಳಿದ್ರೆ, ಅಡ್ವಾನ್ಸ್ ಹಾಕೋಕೆ ಮುಂಚೆ ಇದನ್ನ ಒಂದ್ಸಲ ಓದಿ. ಹೆಸರು ಹಾಕ್ತಿಲ್ಲ, ವಕೀಲರು ಬೇಡ ಅಂದಿದ್ದಾರೆ. ಹೆಸರು ಬಿಟ್ಟು ಬೇರೆ ಎಲ್ಲಾ ಇದೆ.

ಮಾಲು 98 ಪರ್ಸೆಂಟ್ ಸಲ್ಫ್ಯೂರಿಕ್ ಆಸಿಡ್. ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಅದರ ನಂಬರ್ ಯುಎನ್ 1830, ಕ್ಲಾಸ್ 8 (ಕೊರೆದು ತಿನ್ನೋ ವಸ್ತು), ಪ್ಯಾಕಿಂಗ್ ಗ್ರೂಪ್ 2 (ಮಧ್ಯಮ ಅಪಾಯ; 1 ಅಂದ್ರೆ ಅತಿ ಹೆಚ್ಚು, 3 ಅಂದ್ರೆ ಕಮ್ಮಿ). 35 ಲೀಟರ್ ಪ್ಲಾಸ್ಟಿಕ್ ಜೆರ್ರಿಕ್ಯಾನ್‌ನಲ್ಲಿ ಒಂದು ಕಂಟೇನರ್. ಈ ಲೈನ್‌ನಲ್ಲಿರೋರಿಗೆ ಹೇಳೋದೇ ಬೇಡ, ಇದು ಭಾರದ ಮಾಲು, ಸಾಂದ್ರತೆ 1.84, ಅಂದ್ರೆ ಅಷ್ಟೇ ನೀರಿನ 1.84 ಪಟ್ಟು ತೂಕ. ಅದಕ್ಕೇ ಟ್ರೇಡರ್‌ಗೆ ಕಳಿಸಿದ ಮೊದಲ ಮೇಲ್‌ನಲ್ಲೇ ಎಲ್ಲಾ ಬಿಡಿಸಿ ಬರೆದಿದ್ದೆ. ಏನು ತುಂಬ್ತೀವಿ, ಎಷ್ಟು ಪರ್ಸೆಂಟ್, ಯಾವ ಪ್ಯಾಕಿಂಗ್ ಗ್ರೂಪ್, ಸಾಂದ್ರತೆ ಎಷ್ಟು. ಸೇಫ್ಟಿ ಡೇಟಾ ಶೀಟ್ ಕೂಡ ಲಗತ್ತಿಸಿದ್ದೆ. ಉತ್ತರ ಬಂತು: "ನೋಟೆಡ್ ಸರ್. 3ಎಚ್1, ವೈ 1.9 ಸಪ್ಲೈ ಮಾಡ್ತೀವಿ." ಆ ಮೇಲ್ ನನ್ನ ಹತ್ರ ಈಗಲೂ ಇದೆ. ಇದೆ ಅಂತ ಒತ್ತಿ ಹೇಳ್ತಿರೋದಕ್ಕೆ ಕಾರಣ ಮುಂದೆ ಗೊತ್ತಾಗುತ್ತೆ.

ಈ ಕೆಲಸಕ್ಕೆ ಹೊಸಬರಿದ್ದರೆ ಅವರಿಗಾಗಿ ಗುರುತಿನ ಬಗ್ಗೆ ಸ್ವಲ್ಪ. ಅಪಾಯಕಾರಿ ಸರಕನ್ನ ಹಡಗಿಗೆ ಹತ್ತಿಸಬೇಕಾದ್ರೆ ಐಎಂಡಿಜಿ ಕೋಡ್, ಅಂದ್ರೆ ಅಂಥ ಸರಕಿನ ಸಮುದ್ರ ಸಾಗಣೆಯ ಅಂತರರಾಷ್ಟ್ರೀಯ ನಿಯಮಾವಳಿ, ಅದರ ಪ್ರಕಾರ ಪ್ಯಾಕ್ ಆಗಿರಬೇಕು. 2004ರಿಂದ ಅದು ಕಡ್ಡಾಯ. ಕ್ಯಾನ್ ಮೇಲೆ ಒಂದು ಸಾಲು ಕೋಡ್ ಇರುತ್ತೆ. 3 ಅಂದ್ರೆ ಜೆರ್ರಿಕ್ಯಾನ್, ಎಚ್ ಅಂದ್ರೆ ಪ್ಲಾಸ್ಟಿಕ್, ಕೊನೇ 1 ಅಂದ್ರೆ ತಲೆಭಾಗ ಪೂರ್ತಿ ತೆಗೆಯೋಕೆ ಬಾರದ್ದು. ಆಮೇಲೆ ಬರೋ ಅಕ್ಷರ ಎಕ್ಸ್ ಆಗಿದ್ರೆ ಮೂರೂ ಪ್ಯಾಕಿಂಗ್ ಗ್ರೂಪ್‌ಗೆ ನಡೆಯುತ್ತೆ, ವೈ ಆಗಿದ್ರೆ 2 ಮತ್ತು 3ಕ್ಕೆ, ಝಡ್ ಆಗಿದ್ರೆ ಬರೀ 3ಕ್ಕೆ. ಅಕ್ಷರದ ಪಕ್ಕದ ಅಂಕಿ ಇದೆಯಲ್ಲ, ಅದೇ ಪ್ರಾಣ: ಎಷ್ಟು ಸಾಂದ್ರತೆಯ ದ್ರವದವರೆಗೆ ಆ ವಿನ್ಯಾಸ ಪರೀಕ್ಷೆ ಪಾಸಾಗಿದೆ ಅನ್ನೋದು. ಮುಂದೆ ಒತ್ತಡದ ಅಂಕಿ, ತಯಾರಾದ ವರ್ಷ, ಅನುಮತಿ ಕೊಟ್ಟ ದೇಶ, ತಯಾರಕರ ಗುರುತು. ಅಂದಹಾಗೆ ಸೇಲ್ಸ್‌ನವರು "ಯುಎನ್ನೇ ಅಪ್ರೂವ್ ಮಾಡಿದೆ" ಅಂತಾರೆ. ವಿಶ್ವಸಂಸ್ಥೆ ಯಾರ ಕ್ಯಾನನ್ನೂ ಎತ್ತಿ ಹಾಕಿ ನೋಡಲ್ಲ. ಪರೀಕ್ಷೆ ಮಾಡೋದು, ಒಪ್ಪಿಗೆ ಕೊಡೋದು ಆಯಾ ದೇಶದ ಅಧಿಕೃತ ಸಂಸ್ಥೆ.

ಸ್ಯಾಂಪಲ್ ಬಂತು. ಭುಜದ ಮೇಲೆ ಉಬ್ಬು ಅಕ್ಷರದಲ್ಲಿ ವೈ 1.9. ಸರ್ಟಿಫಿಕೇಟ್‌ನಲ್ಲೂ ವೈ 1.9. ತಾಳೆ ಆಯ್ತು, ಆರ್ಡರ್ ಹಾಕಿದ್ವಿ. ಲಾರಿ ಬಂದಾಗ ಸ್ಟೋರ್ಸ್‌ನವರು ಮೇಲಿನ ಸಾಲಿನಿಂದ ಕ್ಯಾನ್ ಇಳಿಸಿ ನೋಡಿದ್ದಾರೆ, ಅವೆಲ್ಲಾ ಉಬ್ಬು ಅಕ್ಷರದ ವೈ 1.9. ಒಳಗಿನ ಸಾಲುಗಳಲ್ಲಿ ಭುಜದ ಮೇಲೆ ಒಂದು ಬಿಳಿ ಸ್ಟಿಕ್ಕರ್. ಅದರ ಮೇಲೂ ನೀಟಾಗಿ ಪ್ರಿಂಟ್ ಮಾಡಿದ ವೈ 1.9. "ಸ್ಟಿಕ್ಕರ್ ಯಾಕೆ?" ಅಂತ ನಮ್ಮ ಹುಡುಗ ಆವತ್ತೇ ಟ್ರೇಡರ್‌ಗೆ ಫೋನ್ ಮಾಡಿ ಕೇಳಿದ್ದಾನೆ. "ಉಬ್ಬು ಅಕ್ಷರ ಸರಿಯಾಗಿ ಕಾಣಲ್ಲ ಅಂತ ಕಸ್ಟಮರ್‌ಗಳು ಕಂಪ್ಲೇಂಟ್ ಮಾಡ್ತಿದ್ರು, ಅದಕ್ಕೆ ಸೌಲಭ್ಯ ಮಾಡಿದೀವಿ" ಅಂದನಂತೆ. ಸೌಲಭ್ಯ!

ತುಂಬಿದ್ವಿ, ಪ್ಯಾಲೆಟ್ ಕಟ್ಟಿದ್ವಿ, ಲೇಬಲ್ ಹಾಕಿದ್ವಿ. ಡೇಂಜರಸ್ ಗೂಡ್ಸ್ ಡಿಕ್ಲರೇಷನ್‌ಗೆ ನಾನೇ ಸಹಿ ಹಾಕಿದೆ. ಆ ಕಾಗದದಲ್ಲಿ ಏನಿರುತ್ತೆ ಅಂತ ನಿಮಗೆ ಗೊತ್ತು: ಸರಕಿನ ವಿವರ ನಿಜ, ಪ್ಯಾಕಿಂಗ್, ಗುರುತು, ಲೇಬಲ್ ಎಲ್ಲಾ ನಿಯಮದ ಪ್ರಕಾರ ಇದೆ, ಸಾಗಣೆಗೆ ಯೋಗ್ಯವಾಗಿದೆ ಅಂತ. ಸಹಿ ಟ್ರೇಡರ್‌ದಲ್ಲ. ನನ್ನದು.

ಸ್ಟಫಿಂಗ್ ದಿನ, ಅಂದ್ರೆ ಕಂಟೇನರ್‌ಗೆ ಮಾಲು ತುಂಬೋ ದಿನ, ಸರಕು ಪರಿಶೀಲಿಸೋ ಸರ್ವೇಯರ್ ಬಂದ್ರು. ವಯಸ್ಸಾದವರು, ಮಾತು ಕಮ್ಮಿ. ಕಾಗದ ನೋಡಿದ್ರು, ತಲೆ ಆಡಿಸಿದ್ರು. ಪ್ಯಾಲೆಟ್ ಹತ್ರ ಹೋಗಿ ಟಾರ್ಚ್ ಬಿಟ್ಟು ಒಂದು ಸ್ಟಿಕ್ಕರ್ ಮೇಲೆ ಬೆರಳಾಡಿಸಿದ್ರು. ಕೆಳಗೆ ಏನೋ ಉಬ್ಬು ಕೈಗೆ ಸಿಕ್ಕಿರಬೇಕು. ಉಗುರಲ್ಲಿ ಮೂಲೆ ಎಬ್ಬಿಸಿ ನಿಧಾನಕ್ಕೆ ಕಿತ್ತರು.

ಕೆಳಗೆ ವೈ 1.4.

"ಒಳಗೆ ಏನು ತುಂಬಿದೀರಿ?" ಅಂದ್ರು. ಕಾಗದ ಅವರ ಕೈಯಲ್ಲೇ ಇದೆ, ಆದ್ರೂ ಕೇಳಿದ್ರು. "ಸಲ್ಫ್ಯೂರಿಕ್ ಸರ್, 98." "ಸಾಂದ್ರತೆ?" ನನ್ನ ಬಾಯಿಂದ ತಕ್ಷಣ ಉತ್ತರ ಬರಲಿಲ್ಲ. ಫೋರ್ಕ್‌ಲಿಫ್ಟ್‌ನವನು ಎಂಜಿನ್ ಆಫ್ ಮಾಡಿ ನಮ್ಮನ್ನೇ ನೋಡ್ತಿದ್ದ. ಕಸ್ಟಮ್ಸ್ ಏಜೆಂಟ್‌ನ ಹುಡುಗ ನೋಡ್ತಿದ್ದ. "1.84" ಅಂದೆ. ಅವರು ಇನ್ನೊಂದು ಕಿತ್ತರು, ಮತ್ತೊಂದು ಕಿತ್ತರು. 1.4. 1.4. ಒಂದೆರಡರಲ್ಲಿ ತಯಾರಿಕೆಯ ದಿನಾಂಕದ ಚಕ್ರ ಕೂಡ ಸ್ಟಿಕ್ಕರ್ ಅಡಿಯಲ್ಲೇ ಇತ್ತು. ಪ್ಲಾಸ್ಟಿಕ್ ಜೆರ್ರಿಕ್ಯಾನ್‌ಗೆ ತಯಾರಾದ ದಿನದಿಂದ 5 ವರ್ಷ ಮಾತ್ರ ಬಳಕೆ. ಅದು ಮುಗಿಯೋಕೆ ಬಂದಿತ್ತು. "ಒಂದೇ ಕ್ಯಾನ್ ಮೇಲೆ ಎರಡು ಗುರುತು. ಇದನ್ನ ನಾನು ಒಳಗೆ ಬಿಡೋಕಾಗಲ್ಲ" ಅಂದ್ರು, ಅಷ್ಟೇ. ಬೈದಿದ್ರೆ ಪರವಾಗಿರಲಿಲ್ಲ. ಅವರು ಸ್ಟಿಕ್ಕರ್ ಅಂಟಿಸಿದ ಕಳ್ಳನನ್ನ ನೋಡೋ ಹಾಗೆ ನನ್ನನ್ನ ನೋಡಿದ್ರು. ಅವರ ಜಾಗದಲ್ಲಿ ನಾನಿದ್ರೂ ಹಾಗೇ ನೋಡ್ತಿದ್ದೆ.

ಅಲ್ಲಿಂದಲೇ ಟ್ರೇಡರ್‌ಗೆ ಫೋನ್ ಹಚ್ಚಿದೆ. ಅವನ ಉತ್ತರಗಳನ್ನ ಇದ್ದ ಹಾಗೇ ಬರೀತೀನಿ.

"ಸರ್, ಸ್ಟಿಕ್ಕರ್ ಮೇಲೆ ಇರೋದೇ ಲೇಟೆಸ್ಟ್ ಸರ್. ಕೆಳಗಿರೋದು ಹಳೇ ಅಚ್ಚಿಂದು."

ಅಚ್ಚು ಹಳೇದಾದ್ರೆ ಕ್ಯಾನ್ ಹೊಸದು ಹೇಗಪ್ಪಾ ಅಂದೆ.

"ಪ್ಲಾಸ್ಟಿಕ್ ಅದೇ ಸರ್, ಮುಚ್ಚಳ ಅದೇ, ಸೈಜ್ ಅದೇ. ಬರೀ ನಂಬರ್ ಬೇರೆ."

ಬರೀ ನಂಬರ್. ಖಾಲಿ ಸ್ಯಾಂಪಲ್ ಕ್ಯಾನನ್ನೂ ಇವನು ಕಳಿಸಿದ ಖಾಲಿ ಕ್ಯಾನನ್ನೂ ಆಮೇಲೆ ತಕ್ಕಡಿ ಮೇಲೆ ಇಟ್ಟು ನೋಡಿದ್ವಿ. ಇವನದ್ದು ಹಗುರ, ಗೋಡೆ ತೆಳು, ಒತ್ತಿದ್ರೆ ಒಳಗೆ ಹೋಗುತ್ತೆ. ಆ ನಂಬರ್ ಸುಮ್ನೆ ಬರಲ್ಲ. ಸಾಂದ್ರತೆ 1.2 ದಾಟಿದ ದ್ರವಕ್ಕೆ ನೀರು ತುಂಬಿ ಬೀಳಿಸಿ ಪರೀಕ್ಷೆ ಮಾಡೋದಾದ್ರೆ, ಪ್ಯಾಕಿಂಗ್ ಗ್ರೂಪ್ 2ಕ್ಕೆ ಸಾಂದ್ರತೆ ಎಷ್ಟೋ ಅಷ್ಟೇ ಮೀಟರ್ ಎತ್ತರ. 1.4ರ ಕ್ಯಾನ್ 1.4 ಮೀಟರ್‌ನಿಂದ ಬಿದ್ದು ಉಳಿದಿದೆ, 1.9ರದ್ದು 1.9 ಮೀಟರ್‌ನಿಂದ. ಪ್ಲಾಸ್ಟಿಕ್ ಅಂದಮೇಲೆ ಮೇಲೆ ಭಾರ ಹೇರಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಡೋ ಪರೀಕ್ಷೆ ಬೇರೆ ಇದೆ. 35 ಲೀಟರ್‌ಗೆ 1.4 ಲೆಕ್ಕ ಹಾಕಿದ್ರೆ 49 ಕಿಲೋ, 1.84 ಅಂದ್ರೆ 64 ಕಿಲೋ ದಾಟುತ್ತೆ. ಈ ತೂಕ ಒಂದರ ಮೇಲೊಂದು ಕೂತು, ಬಿಸಿ ಕಂಟೇನರ್ ಒಳಗೆ, ವಾರಗಟ್ಟಲೆ ಹಡಗಿನ ಓಲಾಟದಲ್ಲಿ. ಬರೀ ನಂಬರ್ ಅಂತೆ.

ಮುಂದಿನ ಮಾತು ಕೇಳಿ. "ಸರ್, ಲೀಕ್ ಆಗಿದ್ಯಾ? ಆಗಿಲ್ವಲ್ಲ?"

2021ರಲ್ಲಿ ಕೊಲಂಬೋ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿದು ಮುಳುಗಿತಲ್ಲ, ಅದರಲ್ಲಿ 1,486 ಕಂಟೇನರ್ ಇದ್ದವು. ಒಂದರಲ್ಲಿ ನೈಟ್ರಿಕ್ ಆಸಿಡ್ ಸೋರ್ತಿದೆ ಅಂತ ಬೆಂಕಿಗೆ ಮುಂಚೆಯೇ ಹಡಗಿನವರಿಗೆ ಗೊತ್ತಿತ್ತು, ದಾರಿಯ ಬಂದರುಗಳಲ್ಲಿ ಅದನ್ನ ಇಳಿಸೋಕೆ ಆಗಲಿಲ್ಲ. ಅದನ್ನ ಹೇಳಿದೆ. "ಅದು ನೈಟ್ರಿಕ್ ಸರ್, ನಿಮ್ಮದು ಸಲ್ಫ್ಯೂರಿಕ್" ಅಂದ. ಇದಕ್ಕೆ ಏನು ಹೇಳೋದು ಹೇಳಿ.

"ಸರ್ವೇಯರ್‌ಗೆ ಏನಾದ್ರೂ ನೋಡ್ಕೊಂಡು ಮುಗಿಸಿಬಿಡಿ ಸರ್." ಇದೂ ಅವನದ್ದೇ.

ಎಲ್ಲಕ್ಕಿಂತ ಉರಿ ಹತ್ತಿದ್ದು ಇದಕ್ಕೆ. ಸಂಜೆ ತಾನೇ ಫೋನ್ ಮಾಡಿ, ಭಾರೀ ಉಪಾಯ ಸಿಕ್ಕಿದವನ ಹಾಗೆ ಹೇಳ್ತಾನೆ: "ಸರ್, ಪೇಪರ್‌ನಲ್ಲಿ 1830 ಬದಲು 2796 ಹಾಕಿಬಿಡಿ, ಎಲ್ಲಾ ಮ್ಯಾಚ್ ಆಗುತ್ತೆ." ಗೊತ್ತಿರೋರಿಗೆ ಅರ್ಥ ಆಗುತ್ತೆ. 2796 ಅಂದ್ರೆ 51 ಪರ್ಸೆಂಟ್ ಮೀರದ ಸಲ್ಫ್ಯೂರಿಕ್, ಅದರ ಸಾಂದ್ರತೆ 1.4ರ ಆಸುಪಾಸು. ಅಂದ್ರೆ ಈ ಮನುಷ್ಯನಿಗೆ ಎಲ್ಲಾ ಗೊತ್ತು! ಯಾವ ಕ್ಯಾನ್ ಯಾವ ಆಸಿಡ್‌ಗೆ ಅಂತ ಪಕ್ಕಾ ಗೊತ್ತು. ಅಷ್ಟು ಹೊತ್ತು "ಬರೀ ನಂಬರ್ ಸರ್" ಅಂತಿದ್ದವನು. ಗೊತ್ತಿದ್ದೇ ಸ್ಟಿಕ್ಕರ್ ಅಂಟಿಸಿದ್ದಾನೆ. ಈಗ ಅವನ ಸ್ಟಿಕ್ಕರ್ ಉಳಿಸೋಕೆ ನಾನು ಸುಳ್ಳು ಡಿಕ್ಲರೇಷನ್‌ಗೆ ಸಹಿ ಹಾಕಬೇಕಂತೆ. 98 ಪರ್ಸೆಂಟ್ ಆಸಿಡ್‌ನ 51 ಅಂತ ಬರೆದು ಹಡಗಿಗೆ ಹತ್ತಿಸಬೇಕಂತೆ.

ಸರ್ಟಿಫಿಕೇಟ್‌ನಲ್ಲಿದ್ದ ಲ್ಯಾಬ್‌ಗೆ ಬರೆದು ಕೇಳಿದೆ. ಸರ್ಟಿಫಿಕೇಟ್ ಅಸಲಿ ಅಂತ ಉತ್ತರ ಬಂತು. ಸಹಿ, ನಂಬರ್, ಅವಧಿ ಎಲ್ಲಾ ಸರಿ. ಆದ್ರೆ ಅದನ್ನ ಕೊಟ್ಟಿರೋದು ಒಬ್ಬ ತಯಾರಕರಿಗೆ, ಅವರ ಒಂದು ವಿನ್ಯಾಸಕ್ಕೆ. ನಮಗೆ ಬಂದ 1.4ರ ಕ್ಯಾನ್ ಮೇಲಿರೋ ತಯಾರಕರ ಗುರುತೇ ಬೇರೆ. ಅಣ್ಣನ ಲೈಸೆನ್ಸ್ ತೋರಿಸಿ ತಮ್ಮ ಲಾರಿ ಓಡಿಸಿದ ಹಾಗಾಯ್ತು. ನಾವೆಲ್ಲಾ ಏನು ಮಾಡ್ತೀವಿ? ಸರ್ಟಿಫಿಕೇಟ್ ಅಸಲಿಯೋ ನಕಲಿಯೋ ಅಂತ ನೋಡ್ತೀವಿ. ಇವನಂಥೋರಿಗೆ ನಕಲಿ ಮಾಡೋ ಕಷ್ಟವೇ ಬೇಡ. ಅಸಲಿ ಒಂದನ್ನ ಇಟ್ಕೊಂಡು ಗೋಡೌನ್‌ನಲ್ಲಿರೋದನ್ನೆಲ್ಲಾ ಅದರ ಹೆಸರಲ್ಲಿ ಸಾಗಹಾಕಿದ್ರಾಯ್ತು.

ನಷ್ಟ ಹೇಳ್ತಾ ಹೋದ್ರೆ ಮುಗಿಯಲ್ಲ. ಹಡಗು ತಪ್ಪಿತು, ಬುಕ್ ಮಾಡಿ ಬಳಸದ ಜಾಗಕ್ಕೆ ಡೆಡ್ ಫ್ರೈಟ್ ಕಟ್ಟಿದ್ವಿ. ಆಸಿಡ್ ಎಲ್ಲಾ ವಾಪಸ್ ತಂದು ಒಂದೊಂದು ಕ್ಯಾನ್‌ನಿಂದ ತೆಗೆದು ಬೇರೆಯದಕ್ಕೆ ತುಂಬಿಸಬೇಕಾಯ್ತು. ಆ ಕೆಲಸಕ್ಕೆ ಹುಡುಗರನ್ನ ನಿಲ್ಲಿಸೋದು ಎಂಥಾ ಸಂಕಟ ಅಂತ ಮಾಡಿದವರಿಗೇ ಗೊತ್ತು. ಆಸಿಡ್ ಹಿಡಿದ ಹಳೇ ಕ್ಯಾನ್‌ಗಳನ್ನ ಗುಜರಿಗೆ ಹಾಕೋ ಹಾಗಿಲ್ಲ, ವಿಲೇವಾರಿಗೆ ಮತ್ತೆ ದುಡ್ಡು. ಎಲ್‌ಸಿಯಲ್ಲಿದ್ದ (ಖರೀದಿದಾರರ ಬ್ಯಾಂಕ್ ಕೊಡೋ ಪಾವತಿ ಖಾತರಿ ಪತ್ರ) ಕೊನೇ ಶಿಪ್‌ಮೆಂಟ್ ದಿನಾಂಕ ದಾಟಿತು, ತಿದ್ದುಪಡಿಗೆ ಬೇಡಿಕೊಂಡೆ. ಖರೀದಿದಾರರು ಒಪ್ಪಿದ್ರು. ಆದ್ರೆ ಈಗ ಪ್ರತಿ ಲಾಟ್‌ಗೂ ಕ್ಯಾನ್‌ನ ಫೋಟೋ ಕೇಳ್ತಾರೆ. ಇಷ್ಟು ವರ್ಷ ಕೇಳಿರಲಿಲ್ಲ. ಶಿಪ್ಪಿಂಗ್ ಲೈನ್‌ನ ಡಿಜಿ (ಡೇಂಜರಸ್ ಗೂಡ್ಸ್) ಡೆಸ್ಕ್‌ನಲ್ಲಿ ನಮ್ಮ ಹೆಸರು ಕಂಡ್ರೆ ಈಗ ಬುಕಿಂಗ್ ಕೂಡ ನಿಧಾನ. ಅದಕ್ಕೆ ಯಾರು ಪರಿಹಾರ ಕೊಡ್ತಾರೆ?

ಅವನು ಕೊಡ್ತೀನಿ ಅಂದಿದ್ದು ಕ್ಯಾನ್‌ಗಳ ಬೆಲೆಗೆ ಕ್ರೆಡಿಟ್ ನೋಟ್. ಅದೂ "ಮುಂದಿನ ಆರ್ಡರ್‌ನಲ್ಲಿ ಅಡ್ಜಸ್ಟ್ ಮಾಡೋಣ ಸರ್". ಮುಂದಿನ ಆರ್ಡರ್! ದುಡ್ಡು ವಾಪಸ್ ಕೇಳಿದ್ದಕ್ಕೆ "ತುಂಬಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ, ಬಿಲ್ ಹಿಂದೆ ಬರೆದಿದೆ" ಅಂದ. ಮಾರನೇ ದಿನ ನೋಡಿದ್ರೆ ವಾಟ್ಸಾಪ್‌ನಲ್ಲಿ ಅವನು ಕಳಿಸಿದ್ದ ಸರ್ಟಿಫಿಕೇಟ್, ವೈ 1.9 ಅಂತ ಬರೆದಿದ್ದ ಮೆಸೇಜ್ ಎಲ್ಲಾ ಡಿಲೀಟ್. ಪುಣ್ಯಕ್ಕೆ ಮೇಲ್ ಅಳಿಸೋಕೆ ಅವನ ಕೈಲಿ ಆಗಲ್ಲ.

ನೀವು ಕೊಳ್ಳೋದಾದ್ರೆ, ಬರೀ ಸರ್ಟಿಫಿಕೇಟ್ ನೋಡಿ ಬಿಡಬೇಡಿ, ಟೆಸ್ಟ್ ರಿಪೋರ್ಟ್ ಕೇಳಿ. ಪ್ಯಾಕೇಜಿಂಗ್ ಬಳಸೋರಿಗೆ ಅದು ಸಿಗಬೇಕು ಅಂತ ಕೋಡ್‌ನಲ್ಲೇ ಇದೆ, ಯಾರೂ ಉಪಕಾರ ಮಾಡ್ತಿಲ್ಲ. ಅದರಲ್ಲಿ ಪರೀಕ್ಷೆಯಾದ ಕ್ಯಾನ್‌ನ ವಿವರ ಇರುತ್ತೆ, ತೂಕ ಸಿಕ್ಕರೆ ಬಂದ ಲಾಟ್‌ನ ಖಾಲಿ ಕ್ಯಾನ್ ತೂಗಿ ಹೋಲಿಸಿ. ಮುಚ್ಚಳ ಹೇಗೆ, ಎಷ್ಟು ಬಿಗಿಯಾಗಿ ಹಾಕಬೇಕು ಅನ್ನೋ ಸೂಚನೆ ಕೂಡ ಕೇಳಿ. ಇವನನ್ನ ಅದು ಕೇಳಿದಾಗ "ಕೈಯಲ್ಲಿ ಟೈಟ್ ಮಾಡಿ ಸರ್" ಅಂದಿದ್ದ. ಆರ್ಡರ್‌ನಲ್ಲಿ ಗುರುತಿನ ಸಾಲು ಪೂರ್ತಿ ಬರೆಸಿ, ತಯಾರಕರ ಗುರುತಿನ ಸಮೇತ. ಲಾರಿಯ ಮೇಲಿನ ಸಾಲು ನೋಡಿ ಸಹಿ ಹಾಕಬೇಡಿ, ತಳದಿಂದ ಎಳೆದು ನೋಡಿ. ಸ್ಟಿಕ್ಕರ್ ಕಂಡ್ರೆ ಡ್ರೈವರ್ ಎದುರಿಗೇ ಕಿತ್ತು ನೋಡಿ, ಬೇಜಾರಾದ್ರೆ ಆಗಲಿ.

ವಕೀಲರ ನೋಟಿಸ್ ಹೋಗಿದೆ. ಅದಕ್ಕೆ ಉತ್ತರ ಬಂದಿಲ್ಲ. ಬದಲಿಗೆ ಅವನ ಅಕೌಂಟ್ಸ್‌ನಿಂದ ಬಾಕಿ ಬಿಲ್‌ಗೆ ರಿಮೈಂಡರ್ ಬಂದಿದೆ, ತಡವಾಯ್ತು ಅಂತ ಬಡ್ಡಿ ಬೇರೆ ಸೇರಿಸಿ. ಕಟ್ಟಲ್ಲ. ಇದೇ ಥರ ಬಿಳಿ ಸ್ಟಿಕ್ಕರ್ ಇರೋ ಕ್ಯಾನ್ ನಿಮ್ಮ ಗೋಡೌನ್‌ನಲ್ಲೂ ಇದ್ರೆ ತುಂಬೋಕೆ ಮುಂಚೆ ಹೇಳಿ, ಅಡಿಯಲ್ಲಿ ಸಿಕ್ಕ ಗುರುತಿನ ಫೋಟೋ ಕಳಿಸ್ತೀನಿ, ಹೋಲಿಸಿ ನೋಡಿ.