ಟಿಎಂಸಿಯೋ, ಘನ ಮೀಟರೋ?

ಹನಿಯಿಂದ ಅಣೆಕಟ್ಟಿನವರೆಗೆ ಲೆಕ್ಕ ಹಾಕಬೇಕಾ? ಘನ ಮೀಟರ್ ಹಿಡಿಯಿರಿ, ನನ್ನ ಮತ ಅದಕ್ಕೇ. 1,000 ಮಿಲಿಲೀಟರ್‌ಗೆ ಒಂದು ಲೀಟರ್, 1,000 ಲೀಟರ್‌ಗೆ ಒಂದು ಘನ ಮೀಟರ್, 100 ಕೋಟಿ ಘನ ಮೀಟರ್‌ಗೆ ಒಂದು ಘನ ಕಿಲೋಮೀಟರ್. ಸೊನ್ನೆಗಳನ್ನು ಸರಿಯಾಗಿ ಎಣಿಸಿದರೆ ಸಾಕು.

ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಘನ ಅಡಿಗೆ ಸುಮಾರು 28.317 ಲೀಟರ್. ಇಲ್ಲೇ ತೊಡಕು ಶುರು, ಅಲ್ವಾ? ಕೆಆರ್‌ಎಸ್ ಜಲಾಶಯದ 49.45 ಟಿಎಂಸಿಯನ್ನು ಇಳಿಸಿದರೆ ಸುಮಾರು 1.4 ಲಕ್ಷ ಕೋಟಿ ಲೀಟರ್. ಘನ ಕಿಲೋಮೀಟರ್‌ನಲ್ಲಿ ಬರೀ 1.4!

ಆದರೆ ದಿನಾ ಡ್ಯಾಂ ಸುದ್ದಿ ನೋಡುವವರಿಗೆ ಟಿಎಂಸಿಯೇ ಸುಲಭ. ಒಳಹರಿವನ್ನು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಅಂತ ಹೇಳುತ್ತಾರೆ. ದಿನಪೂರ್ತಿ ಸುಮಾರು 11,574 ಕ್ಯೂಸೆಕ್ ಬಂದರೆ ಒಂದು ಟಿಎಂಸಿ.