ಉಪ್ಪು ನೀರಿಗೆ ಯಾವ ರೀಲ್? ಎರಡು ವರ್ಷ ಅಗ್ಗದ್ದು, ನಾಲ್ಕು ವರ್ಷ ಮಧ್ಯಮ ಬೆಲೆಯದು

ನನ್ನ ಊರು ಹಾವೇರಿ ಕಡೆ. ಅಲ್ಲಿ ಕೆರೆ ದಂಡೆಯಲ್ಲಿ ಬಿದಿರು ಕೋಲಿಗೆ ತಂಗೂಸಿ ಕಟ್ಟಿ ಜಿಲೇಬಿ ಮೀನು ಹಿಡಿಯುತ್ತಿದ್ದೆ. ಸ್ಪಿನ್ನಿಂಗ್ ರೀಲ್, ಅಂದರೆ ಕೋಲಿಗೆ ಕೂರಿಸಿ ಹ್ಯಾಂಡಲ್ ತಿರುಗಿಸಿ ದಾರ ಸುತ್ತುವ ಸಾಧನ, ಕೈಗೆ ಬಂದಿದ್ದು ಗೋವಾದ ವಾಸ್ಕೋಗೆ ಕೆಲಸಕ್ಕೆ ಬಂದ ಮೇಲೆ. ಆರು ವರ್ಷದಿಂದ ವಾರಕ್ಕೆ ಒಂದೆರಡು ಸಲ ಉಪ್ಪು ನೀರು ಬರುವ ಜುವಾರಿ ನದಿ ದಂಡೆಗೆ ಹೋಗುತ್ತೇನೆ. ಮೊದಲೆರಡು ವರ್ಷ ಅಗ್ಗದ ರೀಲ್ ಬಳಸಿದೆ. ಆಮೇಲೆ ಇವತ್ತಿನವರೆಗೂ ಡೈವಾ ಕಂಪನಿಯ ಬಿಜಿ 4000 ರೀಲ್.

ಮೊದಲ ರೀಲಿಗೆ ಕೊಟ್ಟಿದ್ದು 1,800 ರೂಪಾಯಿ. ಡಬ್ಬದ ಮೇಲೆ ದೊಡ್ಡದಾಗಿ 13+1 ಬೇರಿಂಗ್ ಅಂತ ಇತ್ತು. ಅಂಗಡಿಯಲ್ಲಿ ತಿರುಗಿಸಿದರೆ ಬೆಣ್ಣೆ ಥರ ತಿರುಗುತ್ತಿತ್ತು. ಜೊತೆಗೆ ಕೆಲಸ ಮಾಡುವ ಕಾರವಾರದ ಗೆಳೆಯ ನೋಡಿ, “ಬೇರಿಂಗ್ ಎಣಿಸಿ ತಗೊಂಡ್ಯಾ ಮಾರಾಯಾ? ಡ್ರ್ಯಾಗ್ ನೋಡ್ಬೇಕಿತ್ತು” ಅಂದ. ಡ್ರ್ಯಾಗ್ ಅಂದರೆ ರೀಲಿನ ಬ್ರೇಕ್. ಮೀನು ಜೋರಾಗಿ ಜಗ್ಗಿದಾಗ ದಾರ ಹರಿಯದ ಹಾಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಐದು ತಿಂಗಳಿಗೆ ಲೈನ್ ರೋಲರ್, ಅಂದರೆ ದಾರ ಹಾದುಹೋಗುವ ಸಣ್ಣ ಗಾಲಿ, ಉಪ್ಪು ಕಟ್ಟಿ ನಿಂತುಬಿಟ್ಟಿತು. ರೋಲರ್ ತಿರುಗದಿದ್ದರೆ ದಾರ ಒಂದೇ ಜಾಗದಲ್ಲಿ ಉಜ್ಜುತ್ತದೆ, ಬ್ರೇಡ್ ದಾರದ (ಎಳೆಗಳನ್ನು ಹೆಣೆದ ದಾರ) ಎಳೆ ಏಳುತ್ತದೆ. ಅದನ್ನು ಹೇಗೋ ಎಣ್ಣೆ ಹಾಕಿ ಸರಿ ಮಾಡಿಕೊಂಡೆ. ಮರೆಯಲಾಗದ್ದು ಚೊಣಕ್ ಹೋಗಿದ್ದು. ಇಲ್ಲಿ ಬಾರಮಂಡಿಗೆ ಚೊಣಕ್ ಅಂತಾರೆ. ಖಾಜನ್ ಗದ್ದೆಗಳಿಗೆ, ಅಂದರೆ ಉಬ್ಬರದ ಉಪ್ಪು ನೀರು ನುಗ್ಗದಂತೆ ಒಡ್ಡು ಕಟ್ಟಿದ ಗದ್ದೆಗಳಿಗೆ, ಮಾನಸ್ ಅಂತ ನೀರಿನ ಬಾಗಿಲು ಇರುತ್ತದೆ. ಇಳಿತದ ಹೊತ್ತಿಗೆ ಅದರಿಂದ ನೀರು ಹೊರಬರುವಾಗ ಸಣ್ಣ ಮೀನು, ಸೀಗಡಿ ಕೂಡ ಬರುತ್ತವೆ. ಚೊಣಕ್ ಅಲ್ಲೇ ಕಾದಿರುತ್ತದೆ. ಅವತ್ತು ಒಳ್ಳೆಯ ಮೀನೇ ಕಚ್ಚಿತು. ಅದು ಜಗ್ಗಿದಾಗ ದಾರ ಸುತ್ತಿರುವ ಸ್ಪೂಲ್ ಮೆತ್ತಗೆ ದಾರ ಬಿಡಬೇಕಿತ್ತು. ಆದರೆ ಡ್ರ್ಯಾಗ್ ಒಳಗಿನ ವಾಷರ್ ಅಂಟಿಕೊಂಡಿತ್ತು. ಮೊದಲು ಬಿಡಲೇ ಇಲ್ಲ, ಆಮೇಲೆ ಒಮ್ಮೆಲೇ ಜರ್ಕ್ ಹೊಡೆಯಿತು. ದಾರ ಪಟ್ ಅಂತ ಹೋಯ್ತು. ಬಾಯಲ್ಲಿ ಗಾಳ ಸಿಕ್ಕಿಸಿಕೊಂಡ ಮೀನು ಹಾಗೇ ಹೋಯ್ತಲ್ಲ ಅಂತ ರಾತ್ರಿಯೆಲ್ಲ ಬೇಜಾರಾಗಿತ್ತು.

ಎರಡನೇ ವರ್ಷವೂ ಅದೇ ಬೆಲೆಯ ಇನ್ನೊಂದನ್ನು ತಗೊಂಡೆ. ಅದರ ಗೇರ್ ಸವೆದು ಗರಗರ ಅನ್ನತೊಡಗಿತು.

ಬಿಜಿಗೆ ಎಂಟು ಸಾವಿರದ ಆಸುಪಾಸು ಆಯ್ತು. ಮೈ ಅಲ್ಯೂಮಿನಿಯಂನದು, ಹಾಗಾಗಿ ದೊಡ್ಡ ಮೀನು ಜಗ್ಗಿದಾಗ ಬಾಗುವುದಿಲ್ಲ, ಒಳಗಿನ ಗೇರ್ ಹಲ್ಲುಗಳು ಕೂಡಿಕೊಂಡೇ ಇರುತ್ತವೆ. ಹ್ಯಾಂಡಲ್ ನೇರ ಸ್ಕ್ರೂ ಆಗಿ ಕೂರುತ್ತದೆ, ಅಲುಗಾಟ ಇಲ್ಲ. ಡ್ರ್ಯಾಗ್ ವಾಷರ್ ಕಾರ್ಬನ್‌ದು. ನನಗೆ ಕೊಟ್ಟ ದುಡ್ಡೆಲ್ಲ ಈ ಡ್ರ್ಯಾಗ್‌ಗೇ ಸಂದಿದೆ ಅನ್ನಿಸುತ್ತದೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಜರ್ಕ್ ಹೊಡೆದಿಲ್ಲ. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಎಳೆದು ಡ್ರ್ಯಾಗ್ ಹೊಂದಿಸುತ್ತೇನೆ. 9 ಕೆಜಿ ತಡೆಯುವ ದಾರಕ್ಕೆ ಎರಡೂವರೆ ಕೆಜಿ ಸಾಕು. ಡಬ್ಬದ ಮೇಲಿನ ದೊಡ್ಡ ಡ್ರ್ಯಾಗ್ ಅಂಕಿ ನೋಡಿ ಮರುಳಾಗಬೇಡಿ, ನಯವಾಗಿ ಬಿಡುತ್ತದಾ ಅನ್ನೋದೇ ಮುಖ್ಯ.

ಹಾಗಂತ ದುಬಾರಿ ರೀಲ್ ತಂದು ಮೂಲೆಗಿಟ್ಟರೆ ಅದಕ್ಕೂ ಉಪ್ಪು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ನಲ್ಲಿ ನೀರನ್ನು ಮೆತ್ತಗೆ ಚಿಮುಕಿಸಿ ತೊಳೆಯಿರಿ. ಬಕೆಟ್‌ನಲ್ಲಿ ಮುಳುಗಿಸಬೇಡಿ, ಪೈಪ್ ಜೋರಾಗಿ ಬಿಡಬೇಡಿ, ಉಪ್ಪು ಒಳಗೆ ಹೋಗುತ್ತದೆ. ಒರೆಸಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ. ರೋಲರ್‌ಗೆ ಆಗಾಗ ಒಂದೇ ತೊಟ್ಟು ಎಣ್ಣೆ. ಇದನ್ನು ಮೊದಲೇ ಮಾಡಿದ್ದರೆ ಆ ಅಗ್ಗದ ರೀಲ್ ಕೂಡ ಇನ್ನಷ್ಟು ದಿನ ಬರುತ್ತಿತ್ತು, ಸುಳ್ಳು ಹೇಳಬಾರದು.

ಈಗಷ್ಟೇ ಶುರು ಮಾಡುವವರು, ಕೆರೆ, ಹೊಳೆಯ ಸಿಹಿ ನೀರಲ್ಲಿ ಹಿಡಿಯುವವರು ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ. ಸಮುದ್ರದ ಹತ್ತಿರ ಇದ್ದು ಪ್ರತಿ ವಾರ ಹೋಗುತ್ತೀರಿ ಅಂದರೆ ಮಾತ್ರ ಮಧ್ಯಮ ಬೆಲೆಯದು ತಗೊಳ್ಳಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ರಾಡ್ ಸಾದಾ ಇರಲಿ, ರೀಲ್ ಒಳ್ಳೆಯದಿರಲಿ. ನನ್ನ ಮೊದಲ ರೀಲನ್ನು ಬಿಚ್ಚಿ ಗ್ರೀಸ್ ಹಾಕಿ ತಮ್ಮನ ಮಗನಿಗೆ ಕೊಟ್ಟೆ. ಊರ ಕೆರೆಯಲ್ಲಿ ಅವನು ಅದರಲ್ಲೇ ರೋಹು ಹಿಡಿಯುತ್ತಿದ್ದಾನೆ.