ಸೊಂಟದ ಪಟ್ಟಿಗೆ ಪೂರ್ತಿ ಅಂಕ, ಒಳಗಿನ ಕೋಟಿಂಗ್‌ಗೆ ಸೊನ್ನೆ: 65 ಲೀಟರ್ ರಕ್‌ಸ್ಯಾಕ್

ಅಲ್ಯೂಮಿನಿಯಂ ಫ್ರೇಮ್ ಇರುವ ಬ್ಯಾಗ್, ಖಾಲಿಯೇ ಎರಡು ಕಿಲೊ ಚಿಲ್ಲರೆ ತೂಗುತ್ತದೆ. ಕೊಡಚಾದ್ರಿ, ಗಡಾಯಿಕಲ್ಲು, ಕುದುರೆಮುಖ ಎಂದು ವರ್ಷಗಟ್ಟಲೆ ನನ್ನ ಬೆನ್ನಿಗೇ ಉಂಟು. ಇನ್‌ಫೆಂಟ್ರಿಯಲ್ಲಿ ಇದ್ದು ಬಂದವನು ನಾನು. ಈಗ ಉಡುಪಿ ಸುತ್ತಮುತ್ತ ಸೇನಾ ಭರ್ತಿಗೆ ತಯಾರಾಗುವ ಹುಡುಗರನ್ನು ಬೆಟ್ಟ ಹತ್ತಿಸುತ್ತೇನೆ. ಹಾಗಾಗಿ ಜೇಬು ಎಷ್ಟು, ಬಣ್ಣ ಯಾವುದು ಎಂದು ನೋಡುವವನಲ್ಲ. ಭಾರ ಎಲ್ಲಿ ಕೂರುತ್ತದೆ, ಅಷ್ಟೇ.

ಅದರಲ್ಲಿ ಈ ಬ್ಯಾಗ್ ಗೆದ್ದಿತು. ಫೌಜಿನಲ್ಲಿ ನಾವು ಹೊತ್ತ ಪಿಟ್ಟು, ಅಂದರೆ ಸೇನೆಯ ಬೆನ್ನುಚೀಲದ ಭಾರವೆಲ್ಲ ಹೆಗಲಿನದ್ದೇ. ಹೊರೆ ಹೊತ್ತು ನಡೆಯುವ ರೂಟ್ ಮಾರ್ಚ್ ಉದ್ದವಾದರೆ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಪಟ್ಟಿ ಒತ್ತಿ ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳು ಸೋಲುವುದಕ್ಕೆ ವೈದ್ಯರು ರಕ್‌ಸ್ಯಾಕ್ ಪಾಲ್ಸಿ ಎನ್ನುತ್ತಾರೆ. ಇದರಲ್ಲಿ ಸೊಂಟದ ಪಟ್ಟಿ ಅಗಲ, ಗಟ್ಟಿ. ಮೊದಲು ಅದನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಬೇಕು, ಆಮೇಲೆ ಹೆಗಲಿನದ್ದು. ಹೆಗಲಪಟ್ಟಿಯ ಅಡಿಗೆ ಎರಡು ಬೆರಳು ಸಲೀಸಾಗಿ ತೂರಿದರೆ ಸರಿಯಾಯಿತು ಎಂದರ್ಥ. ಹುಡುಗರು ಮಾಡುವುದು ತಿರುಗಾಮುರುಗಾ: ಹೆಗಲಿಗೆ ಎಳೆದು ಕಟ್ಟಿ, ಸೊಂಟದ್ದನ್ನು ಬಾಲದ ಹಾಗೆ ನೇತಾಡಲು ಬಿಡುತ್ತಾರೆ.

ಆದರೆ ಮಾರಾಯ್ರೆ, ಯಾವ ಪಟ್ಟಿಯೂ ತೂಕವನ್ನು ಕಡಿಮೆ ಮಾಡುವುದಿಲ್ಲ. 'ಇದನ್ನು ಹಾಕಿದರೆ ಸುಸ್ತೇ ಆಗುವುದಿಲ್ಲ' ಎಂದು ಜಾಹೀರಾತಿನಲ್ಲಿ ಬರೆದದ್ದು ಬರೀ ಬೊಗಳೆ. ಅಮೆರಿಕದ ಸೇನೆಯ 1990ರ ಕೈಪಿಡಿ ಕಾದಾಟಕ್ಕೆ ಸುಮಾರು 22 ಕಿಲೊ, ನಡಿಗೆಗೆ 33 ಕಿಲೊ ಮೀರಬಾರದು ಎನ್ನುತ್ತಿತ್ತು. 2003ರಲ್ಲಿ ಅಫ್ಘಾನಿಸ್ತಾನದಲ್ಲಿ ಅವರದೇ ಸೈನಿಕರನ್ನು ತೂಗಿ ನೋಡಿದಾಗ ನಡಿಗೆಯ ಹೊರೆ ಸರಾಸರಿ 45 ಕಿಲೊ ದಾಟಿತ್ತು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಮರೀನ್‌ಗಳು 36 ಕಿಲೊ ಹೊತ್ತು ಜೌಗು ನೆಲದಲ್ಲಿ ಮೂರು ದಿನಕ್ಕೆ 90 ಕಿಲೊಮೀಟರ್ ನಡೆದರು. ಹೊರುವ ಸಾಧನ ಹಗುರಾದಷ್ಟೂ ಮೇಲಧಿಕಾರಿಗಳು ಅದಕ್ಕೆ ಇನ್ನೊಂದು ಬ್ಯಾಟರಿ, ಇನ್ನಷ್ಟು ಗುಂಡು ತುಂಬಿಸುತ್ತಾರೆ. ನಮ್ಮಲ್ಲಿ ಆ ಕೆಲಸ ಅಮ್ಮಂದಿರದ್ದು. ಹುಡುಗನೊಬ್ಬನ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತುಂಬ ಚಕ್ಕುಲಿ ಹೊರಬಂದದ್ದುಂಟು. 65 ಲೀಟರ್ ಎಂದರೆ ತುಂಬಿಸಲೇಬೇಕು ಎಂಬ ಆಸೆ ಹುಟ್ಟುತ್ತದೆ. ನಾನು ಮೈತೂಕದ ಕಾಲು ಭಾಗಕ್ಕಿಂತ ಹೆಚ್ಚು ಹೊರಿಸುವುದಿಲ್ಲ. ಅರುವತ್ತು ಕಿಲೊ ಹುಡುಗನಿಗೆ ಹದಿನೈದು, ಅದೂ ನೀರು ಸೇರಿ.

ಇನ್ನೊಂದು ವಿಷಯ, ಬ್ಯಾಗಿಗೆ ದುಡ್ಡು ಸುರಿಯುವ ಮೊದಲು ಕಾಲು ನೋಡಿಕೊಳ್ಳಿ. ಪಾದದ ಮೇಲಿನ ಒಂದು ಕಿಲೊ, ಬೆನ್ನಿನ ಮೇಲಿನ ಸುಮಾರು ಐದು ಕಿಲೊದಷ್ಟು ಶಕ್ತಿ ತಿನ್ನುತ್ತದೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕಲ್ಲ. ಗಡಾಯಿಕಲ್ಲಿನ ಮೆಟ್ಟಿಲುಗಳಲ್ಲಿ ಒದ್ದೆ ಬೂಟು ಹಾಕಿದವನು ಮೊದಲು ಕುಳಿತುಕೊಳ್ಳುವುದನ್ನು ನಾನು ಕಂಡಿದ್ದೇನೆ, ಬ್ಯಾಗ್ ಎಷ್ಟೇ ಚೆನ್ನಾಗಿರಲಿ.

ಬುಲೆಟ್‌ಪ್ರೂಫ್ ಜಾಕೆಟ್ ಹಾಕಿದ ಜವಾನನಿಗೆ ಈ ಸೊಂಟದ ಪಟ್ಟಿಯ ಲಾಭ ಪೂರ್ತಿ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ. ಜಾಕೆಟ್ಟಿನ ಅಂಚು ಅಡ್ಡ ಬರುತ್ತದೆ, ಪಟ್ಟಿ ಮೂಳೆಗೆ ಸರಿಯಾಗಿ ಕೂರುವುದಿಲ್ಲ, ಭಾರ ತಿರುಗಿ ಹೆಗಲಿಗೇ. 'ಮಿಲಿಟರಿ ಗ್ರೇಡ್' ಎಂಬ ಚೀಟಿ ನೋಡಿ ಮರುಳಾಗಬೇಡಿ.

ಈಗ ಬೈಗುಳ. ಬೆನ್ನಿನ ಜಾಳಿಗೆ ಮೇ ತಿಂಗಳ ಸೆಖೆಗೆ ಏನೇನೂ ಸಾಲದು, ಹತ್ತು ನಿಮಿಷಕ್ಕೆ ಅಂಗಿ ಅಂಟುತ್ತದೆ. ಅದಕ್ಕಿಂತ ಹಾಳು ಒಳಗಿನ ಪಾಲಿಯುರೆಥೇನ್ ಲೇಪ. ಬಿಸಿ ಮತ್ತು ತೇವ ಒಟ್ಟಿಗೆ ಸೇರಿದರೆ ಅದು ಕೊಳೆಯುತ್ತಾ ಹೋಗುತ್ತದೆ, ಕರಾವಳಿಯಲ್ಲಿ ಎರಡಕ್ಕೂ ಬರವಿಲ್ಲ. ಮೂರನೇ ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೆ ಕೈ ಹಾಕಿದರೆ ಹಲಸಿನ ಮೇಣ ಮುಟ್ಟಿದಂತೆ ಅಂಟು, ಬಟ್ಟೆಗೆಲ್ಲ ಬಿಳಿ ಹೊಟ್ಟು, ಹುಳಿ ವಾಸನೆ. ಪಟ್ಟಿಗಳಿಗೆ ಬೂಷ್ಟು ಬೇರೆ. ಕಂಪನಿಗೆ ಫೋಟೊ ಕಳಿಸಿದರೆ 'ಬಳಕೆಯಿಂದ ಆದ ಸವೆತ' ಎಂದು ಉತ್ತರ ಬಂತು. ನಾನು ಲೇಪವನ್ನು ಉಜ್ಜಿ ತೆಗೆದು, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಳಸುತ್ತಿದ್ದೇನೆ. ಮಳೆ ಕವರ್‌ಗಿಂತ ಅದೇ ಒಳ್ಳೆಯದು.

ಜಿಪ್ ಒಮ್ಮೆ ಹೋಯಿತು, ಮಂಗಳೂರಿನಲ್ಲಿ ಬ್ಯಾಗ್ ರಿಪೇರಿಯವರೊಬ್ಬರು ಹೊಲಿದು ಕೊಟ್ಟರು. ಬಕಲ್ ಗಟ್ಟಿ ಉಂಟು.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಘಟ್ಟದ ಮೇಲಿನವರು ಕಣ್ಣು ಮುಚ್ಚಿ ತಗೊಳ್ಳಬಹುದು. ನಮ್ಮ ಕಡೆಯವರು ಇದೇ ಕಂಪನಿಯ 45 ಲೀಟರಿನದ್ದು ತಗೊಳ್ಳಿ, ತುಂಬಿಸುವ ಆಸೆಯಾದರೂ ಕಡಿಮೆಯಾದೀತು. ಸೊಂಟದ ಪಟ್ಟಿ ಅದರಲ್ಲೂ ಇದೇ.